ಪರದೆಯ ಮೇಲೆ ಉಳಿದ ಅಚ್ಚು: ಈ ಸವಕಳಿ ಯಾರ ಖಾತೆಗೆ?

ಲಕ್ಷ ರೂಪಾಯಿಗೂ ಮಿಗಿಲಾದ ಬೆಲೆ ಕೊಟ್ಟು ದೊಡ್ಡ ಪರದೆಯ ಟಿವಿ ಕೊಂಡ ಗ್ರಾಹಕನೊಬ್ಬ ಎರಡು ವರ್ಷಗಳ ತರುವಾಯ ಅಂಗಡಿಗೆ ಮರಳಿ ಬರುತ್ತಾನೆ ಎಂದು ಇಟ್ಟುಕೊಳ್ಳೋಣ. ಕ್ರಿಕೆಟ್ ಪಂದ್ಯ ನೋಡುವಾಗ ಹಸಿರು ಮೈದಾನದ ಒಂದು ಮೂಲೆಯಲ್ಲಿ ಮಸುಕಾದ ವೃತ್ತವೊಂದು ಸದಾ ಕಾಣಿಸುತ್ತಿದೆ; ಅದು ಮಗ ದಿನವೂ ಆಡುವ ಕಾರ್ ರೇಸಿನ ವೇಗಸೂಚಕದ ಗುರುತು ಎಂಬುದು ಅವನ ದೂರು. ತಯಾರಕರ ಸೇವಾ ಕೇಂದ್ರದವರು ಬಂದು ನೋಡಿ, ಇದು ಬಳಕೆಯಿಂದ ಆದದ್ದು, ವಾರಂಟಿಗೆ ಒಳಪಡುವುದಿಲ್ಲ ಎಂದು ಬರೆದು ಹೋಗುತ್ತಾರೆ. ಗ್ರಾಹಕನಾದರೋ, ಗೇಮ್ ಆಡುವುದಕ್ಕೆಂದೇ ಹೇಳಿ ಕೊಂಡೆ, ಪೆಟ್ಟಿಗೆಯ ಮೇಲೂ ಹಾಗೆಯೇ ಅಚ್ಚಾಗಿದೆ ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಇಬ್ಬರ ನಡುವೆ ನಿಂತು ಮಾತು ಕೇಳುವವನು ಬಿಲ್ಲು ಬರೆದುಕೊಟ್ಟ ವರ್ತಕ.

ಚಪ್ಪಟೆ ಪರದೆಯ ಟಿವಿಗಳಲ್ಲಿ, ವಿಶೇಷವಾಗಿ ಓಎಲ್‌ಇಡಿ ಪರದೆಗಳಲ್ಲಿ ಕಾಣಬರುವ ಈ 'ಬರ್ನ್-ಇನ್' ತಂತ್ರಜ್ಞರಿಗೆ ಬಿಟ್ಟ ವಿಷಯವೆಂದು ವರ್ತಕ ಸಮುದಾಯ ಇದುವರೆಗೆ ಕೈಕಟ್ಟಿ ಕುಳಿತಿದೆ. ಆದರೆ ಇದು ಮೂಲತಃ ಲೆಕ್ಕಪತ್ರದ ಪ್ರಶ್ನೆ. ಇದು ಅಪಘಾತವಲ್ಲ, ಸಾಮಾನ್ಯ ಅರ್ಥದಲ್ಲಿ ತಯಾರಿಕಾ ದೋಷವೂ ಅಲ್ಲ. ಮುಂಚಿತವಾಗಿಯೇ ತಿಳಿದಿರುವ ಸವಕಳಿ. ತಿಳಿದಿರುವ ಸವಕಳಿಯನ್ನು ಮಾರಾಟದ ದಿನವೇ ಯಾರಾದರೊಬ್ಬರ ಖಾತೆಗೆ ಖರ್ಚು ಹಾಕಬೇಕು. ಈಗ ಅದನ್ನು ಯಾರೂ ತಮ್ಮ ಪುಸ್ತಕದಲ್ಲಿ ಬರೆಯುತ್ತಿಲ್ಲವಾದ್ದರಿಂದ, ಜಗಳ ಬಂದ ದಿನ ಅದು ಎಲ್ಲರಿಗಿಂತ ಕಡಿಮೆ ಲಾಭಾಂಶದಲ್ಲಿ ವ್ಯಾಪಾರ ಮಾಡುವವನ ತಲೆಯ ಮೇಲೆ ಬೀಳುತ್ತಿದೆ.

ಬರ್ನ್-ಇನ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಪರದೆಯಲ್ಲಿ ಏನೂ ಸುಡುವುದಿಲ್ಲ, ಸವೆಯುತ್ತದೆ ಅಷ್ಟೆ. ಎಲ್‌ಸಿಡಿ ಟಿವಿಯಲ್ಲಿ ಬೆಳಕು ಹಿಂಬದಿಯ ದೀಪಗಳಿಂದ ಬರುತ್ತದೆ. ಮುಂದಿನ ದ್ರವಸ್ಫಟಿಕದ ಪದರ ಅದನ್ನು ತಡೆಯುವ ಅಥವಾ ಬಿಡುವ ಕೆಲಸ ಮಾತ್ರ ಮಾಡುತ್ತದೆ. ಓಎಲ್‌ಇಡಿಯಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಪಿಕ್ಸೆಲ್ಲೂ ವಿದ್ಯುತ್ ಹರಿದಾಗ ತಾನೇ ಬೆಳಗುವ ಸಾವಯವ ಪದಾರ್ಥದಿಂದ ಆದದ್ದು. 1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಟಾಂಗ್ ಮತ್ತು ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು ಈ ವಿದ್ಯೆಯನ್ನು ಬಳಕೆಗೆ ತರಬಲ್ಲ ರೂಪದಲ್ಲಿ ಪ್ರಕಟಿಸಿದಂದಿನಿಂದಲೂ ಒಂದು ಸಂಗತಿ ಅದರ ಬೆನ್ನಿಗಿದೆ: ಆ ಪದಾರ್ಥ ಬೆಳಗಿದಷ್ಟೂ ಕ್ಷೀಣಿಸುತ್ತದೆ. ನೀಲಿ ಬೆಳಕು ಕೊಡುವ ಪದಾರ್ಥ ಉಳಿದ ಬಣ್ಣಗಳಿಗಿಂತ ಬೇಗ ಕ್ಷೀಣಿಸುತ್ತದೆ. ಇಡೀ ಪರದೆ ಒಂದೇ ಸಮನಾಗಿ ಮಂಕಾದರೆ ಕಣ್ಣಿಗೆ ತಿಳಿಯುವುದೇ ಇಲ್ಲ. ಒಂದು ಜಾಗ ಮಾತ್ರ ಹೆಚ್ಚು ಹೊತ್ತು, ಹೆಚ್ಚು ಪ್ರಖರವಾಗಿ ಬೆಳಗಿದರೆ ಅಲ್ಲಿ ಸವೆತ ಮುಂದೋಡಿ, ಅದೇ ಆಕಾರದ ಮಸುಕು ಉಳಿಯುತ್ತದೆ. ಹಳೆಯ ಅಂಗಡಿಯ ಹೊಸ್ತಿಲನ್ನು ನೋಡಿದರೆ ಗಿರಾಕಿಗಳು ಎಲ್ಲಿ ಕಾಲಿಟ್ಟರೆಂದು ತಿಳಿಯುತ್ತದಲ್ಲ, ಹಾಗೆ.

ವಿಡಿಯೋ ಗೇಮ್‌ಗಳಲ್ಲಿ ಇದರ ಮಾತು ಹೆಚ್ಚಾಗಿ ಕೇಳಿಬರುವುದಕ್ಕೆ ಕಾರಣ ಸರಳ. ಆಟದ ದೃಶ್ಯ ಎಷ್ಟೇ ಓಡಾಡಲಿ, ಅಂಕಪಟ್ಟಿ, ಆಟಗಾರನ ಜೀವಬಲ ತೋರಿಸುವ ಗೀಟು, ಮೂಲೆಯ ಚಿಕ್ಕ ನಕ್ಷೆ, ಗುಂಡುಗಳ ಸಂಖ್ಯೆ ಇವೆಲ್ಲ ಗಂಟೆಗಟ್ಟಲೆ ಒಂದೇ ಸ್ಥಳದಲ್ಲಿ, ಬಹುಮಟ್ಟಿಗೆ ಬಿಳಿ ಇಲ್ಲವೇ ಗಾಢ ಬಣ್ಣದಲ್ಲಿ ನಿಂತಿರುತ್ತವೆ. ದಿನವಿಡೀ ಸುದ್ದಿ ವಾಹಿನಿ ಹಾಕಿಡುವ ಮನೆಗಳಲ್ಲಿ ಕೆಳಗಿನ ಕೆಂಪು ಪಟ್ಟಿ ಮತ್ತು ಮೂಲೆಯ ಲಾಂಛನವೂ ಇದೇ ಕೆಲಸ ಮಾಡುತ್ತವೆ ಎಂಬುದನ್ನು ಗೇಮ್ ಆಡುವ ಮಕ್ಕಳನ್ನು ಗದರುವ ಹಿರಿಯರು ಗಮನಿಸಬೇಕು.

ಇನ್ನೊಂದು ವ್ಯತ್ಯಾಸವನ್ನು ಮಾರಾಟ ಸಿಬ್ಬಂದಿ ಖಚಿತವಾಗಿ ತಿಳಿದಿರಬೇಕು. ಸ್ಥಿರ ಚಿತ್ರವೊಂದು ಬಹಳ ಹೊತ್ತು ನಿಂತಾಗ ಎಲ್‌ಸಿಡಿ ಪರದೆಯ ಒಳಗೂ ವಿದ್ಯುದಂಶ ಒಂದೆಡೆ ಸೇರಿಕೊಂಡು, ಚಿತ್ರ ಬದಲಾದ ಮೇಲೂ ಅದರ ಛಾಯೆ ಕೆಲಕಾಲ ಉಳಿಯುವುದುಂಟು. ಪರದೆಗೆ ಬೇರೆ ಬೇರೆ ದೃಶ್ಯ ಕೊಟ್ಟರೆ, ಇಲ್ಲವೇ ಸ್ವಲ್ಪ ಹೊತ್ತು ಆರಿಸಿಟ್ಟರೆ ಅದು ಸಾಮಾನ್ಯವಾಗಿ ಮಾಯವಾಗುತ್ತದೆ. ಇದನ್ನು ಇಮೇಜ್ ರಿಟೆನ್ಷನ್ ಎನ್ನುತ್ತಾರೆ. ತಾತ್ಕಾಲಿಕ ಛಾಯೆ ಎನ್ನಬಹುದು. ಬರ್ನ್-ಇನ್ ಎಂಬುದು ಹೋಗದ ಅಚ್ಚು. ಒಂದು ಕೈಗಡ, ಇನ್ನೊಂದು ಮುಳುಗಿದ ಸಾಲ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಗಿರಾಕಿಯನ್ನು ಹೆದರಿಸುವ ಅಂಗಡಿಗಳೂ ಇವೆ, ಎರಡನ್ನೂ ಏನೂ ಅಲ್ಲವೆಂದು ತಳ್ಳಿಹಾಕುವ ಅಂಗಡಿಗಳೂ ಇವೆ. ಪರದೆಯ ತುಂಬ ಒಂದೇ ಬೂದು ಬಣ್ಣ ಹಾಕಿ ನೋಡಿ, ಮರುದಿನ ಮತ್ತೆ ನೋಡಿದರೆ ಯಾವುದು ಯಾವುದೆಂಬುದು ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ. ದೂರು ಬರೆದುಕೊಳ್ಳುವ ಮೊದಲು ಇಷ್ಟನ್ನಾದರೂ ಮಾಡುವುದು ಉಚಿತ.

ಈ ತೊಂದರೆ ಹೊಸದಲ್ಲ. ಹಳೆಯ ಗಾಜಿನ ಕೊಳವೆಯ ಟಿವಿಗಳ ಒಳಬದಿಯ ಫಾಸ್ಫರ್ ಲೇಪ ಇದೇ ರೀತಿ ಸವೆಯುತ್ತಿತ್ತು. 1977ರಲ್ಲಿ ಮಾರುಕಟ್ಟೆಗೆ ಬಂದ ಅಟಾರಿ ಯಂತ್ರದ ಅನೇಕ ಆಟಗಳು, ಯಾರೂ ಕೈಹಾಕದೆ ಬಿಟ್ಟರೆ ತಾವಾಗಿಯೇ ಬಣ್ಣ ಬದಲಿಸುತ್ತಿದ್ದುದು ಈ ಕಾರಣಕ್ಕೆ. ಕಂಪ್ಯೂಟರ್‌ಗಳ ಸ್ಕ್ರೀನ್ ಸೇವರ್ ಹುಟ್ಟಿದ್ದೂ ಇದಕ್ಕಾಗಿಯೇ. ಅನಂತರ ಬಂದ ಪ್ಲಾಸ್ಮಾ ಟಿವಿಗಳಲ್ಲೂ ಫಾಸ್ಫರ್ ಇತ್ತು, ಅಚ್ಚೂ ಇತ್ತು. ಸ್ಥಿರ ಚಿತ್ರವನ್ನು ಬಹಳ ಹೊತ್ತು ಬಿಡಬಾರದೆಂಬ ಎಚ್ಚರಿಕೆಯೂ ಕೈಪಿಡಿಗಳಲ್ಲಿ ಇತ್ತು. ಕೈಪಿಡಿಯನ್ನು ಗಿರಾಕಿ ಓದಲಿಲ್ಲ, ಅಂಗಡಿಯವನು ಓದಿ ಹೇಳಲಿಲ್ಲ. ಕ್ರಮೇಣ ಪ್ಲಾಸ್ಮಾದ ಗುಣಮಟ್ಟ ಎಷ್ಟು ಸುಧಾರಿಸಿದರೂ ಅಪಖ್ಯಾತಿ ಮಾತ್ರ ಬಿಡಲಿಲ್ಲ. ಪ್ಯಾನಾಸೋನಿಕ್ 2013ರ ಕೊನೆಯಲ್ಲಿ ಪ್ಲಾಸ್ಮಾ ಪರದೆಗಳ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ ಅದೇ ಹಾದಿ ಹಿಡಿದವು. ಪ್ಲಾಸ್ಮಾ ಸೋತದ್ದಕ್ಕೆ ಎಲ್‌ಸಿಡಿಯ ಬೆಲೆ ಇಳಿದದ್ದು, ವಿದ್ಯುತ್ ಖರ್ಚು ಮೊದಲಾದ ಬೇರೆ ಕಾರಣಗಳೂ ಇದ್ದವು ನಿಜ. ಆದರೂ ಒಂದು ಸರಕಿನ ಸಹಜ ಮಿತಿಯನ್ನು ವ್ಯಾಪಾರಿಗಳು ಮುಚ್ಚಿಟ್ಟರೆ ಮಾರುಕಟ್ಟೆ ಅದನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ಹೇಳುತ್ತದೆ ಎಂಬುದಕ್ಕೆ ಪ್ಲಾಸ್ಮಾಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಎಲ್‌ಜಿಯ 55 ಅಂಗುಲದ ಓಎಲ್‌ಇಡಿ ಟಿವಿ 2013ರಲ್ಲಿ ಅಂಗಡಿಗೆ ಬಂದಾಗ ಆ ಪಾಠ ಇನ್ನೂ ಹಸಿಯಾಗಿತ್ತು. ಕಲಿತವರು ಕಡಿಮೆ.

ಹಾಗಾದರೆ ಗೇಮ್ ಆಡುವವರಿಗೆ ಇಂಥ ಟಿವಿ ಮಾರಲೇಬಾರದೇ? ಅಂಥ ತೀರ್ಮಾನಕ್ಕೆ ಆಧಾರವಿಲ್ಲ. ಕೆನಡಾದ ಆರ್‌ಟಿಂಗ್ಸ್ ಎಂಬ ಪರೀಕ್ಷಾ ಸಂಸ್ಥೆ 2018ರ ಆರಂಭದಲ್ಲಿ ಎಲ್‌ಜಿಯ ಒಂದೇ ಮಾದರಿಯ 6 ಓಎಲ್‌ಇಡಿ ಟಿವಿಗಳನ್ನು ಸಾಲಾಗಿಟ್ಟು, ದಿನಕ್ಕೆ 20 ಗಂಟೆಗಳಂತೆ ಓಡಿಸಿತು. ಒಂದೊಂದಕ್ಕೂ ಅದದೇ ಬಗೆಯ ಕಾರ್ಯಕ್ರಮ: ಕೆಲವಕ್ಕೆ ಸುದ್ದಿ ವಾಹಿನಿ, ಒಂದಕ್ಕೆ ಫಿಫಾ ಫುಟ್‌ಬಾಲ್ ಆಟ, ಇನ್ನೊಂದಕ್ಕೆ ಕಾಲ್ ಆಫ್ ಡ್ಯೂಟಿ ಎಂಬ ಯುದ್ಧದ ಆಟ. ಸುಮಾರು 9,000 ಗಂಟೆಗಳವರೆಗೆ ನಡೆದ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಅಚ್ಚು ಬಿದ್ದದ್ದು ಗರಿಷ್ಠ ಪ್ರಕಾಶದಲ್ಲಿ ಸುದ್ದಿ ವಾಹಿನಿ ತೋರಿಸಿದ ಪರದೆಯ ಮೇಲೆ. ಫುಟ್‌ಬಾಲ್ ಆಟದ ಪರದೆಯಲ್ಲೂ ಗುರುತು ಬಿದ್ದಿತು. ಯುದ್ಧದ ಆಟ ಓಡಿದ ಪರದೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಗುರುತು ಕಾಣಲಿಲ್ಲ. ಎರಡೂ ಗೇಮ್‌ಗಳೇ, ಫಲಿತಾಂಶ ಬೇರೆ ಬೇರೆ. ಗೇಮ್ ಆಡಿದ್ದರಿಂದ ಅಚ್ಚು ಬೀಳುತ್ತದೆ ಎನ್ನುವುದಕ್ಕಿಂತ, ಒಂದೇ ಪ್ರಖರ ಗುರುತು ಒಂದೇ ಜಾಗದಲ್ಲಿ ಎಷ್ಟು ಗಂಟೆ ನಿಂತಿತು ಎಂಬುದರಿಂದ ಬೀಳುತ್ತದೆ ಎನ್ನುವುದು ಸರಿ.

ಗಂಟೆ ಎಂಬ ಮಾತೇ ಇಲ್ಲಿ ಮುಖ್ಯ. ದಿನಕ್ಕೆ 2 ಗಂಟೆ ಆಡುವ ಮನೆಯಲ್ಲಿ 9,000 ಗಂಟೆ ತುಂಬಲು 12 ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಟಿವಿಯೇ ಬದಲಾಗಿರುತ್ತದೆ. ನಾಲ್ಕಾರು ಆಟಗಳನ್ನು ಬದಲಿಸಿ ಆಡುವ, ನಡುವೆ ಸಿನಿಮಾ ನೋಡುವ ಕುಟುಂಬಕ್ಕೆ ಈ ಭಯ ಅನಗತ್ಯ. ವರ್ಷಗಟ್ಟಲೆ ಒಂದೇ ಆಟವನ್ನು ದಿನಕ್ಕೆ ಆರೇಳು ಗಂಟೆ ಆಡುವ ಯುವಕನಿಗೆ ಭಯ ಅಗತ್ಯ. ಮಾರುವವನು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಆಟ, ದಿನಕ್ಕೆ ಎಷ್ಟು ಹೊತ್ತು? ಪರದೆ ಎಷ್ಟು ಅಂಗುಲ, ಕಂತು ಎಷ್ಟು ತಿಂಗಳು ಎಂದು ಕೇಳುವ ಅಂಗಡಿಗಳಲ್ಲಿ ಈ ಪ್ರಶ್ನೆ ಅಪರೂಪ.

ತಯಾರಕರು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಇಡೀ ಚಿತ್ರವನ್ನು ಕಣ್ಣಿಗೆ ತಿಳಿಯದಷ್ಟು ಆಚೀಚೆ ಸರಿಸುವುದು, ಲಾಂಛನವಿರುವ ಜಾಗವನ್ನು ಗುರುತಿಸಿ ಅಲ್ಲಿ ಪ್ರಕಾಶ ತಗ್ಗಿಸುವುದು, ಯಂತ್ರ ನಿಷ್ಕ್ರಿಯವಾಗಿದ್ದರೆ ಪರದೆ ಮಂಕಾಗಿಸುವುದು ಮುಂತಾದ ಏರ್ಪಾಡುಗಳು ಈಗ ಸಾಮಾನ್ಯ. ಎಲ್ಲಕ್ಕಿಂತ ಮುಖ್ಯವಾದದ್ದು ಟಿವಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಕ್ರಿಯೆ. ಎಲ್‌ಜಿಯ ಓಎಲ್‌ಇಡಿ ಟಿವಿಗಳು ಒಟ್ಟು ಸುಮಾರು 4 ಗಂಟೆ ಉರಿದ ನಂತರ ರಿಮೋಟಿನಿಂದ ಆರಿಸಿದಾಗ ಕೆಲವು ನಿಮಿಷಗಳ ಕಾಲ ಒಳಗೊಳಗೇ ಪಿಕ್ಸೆಲ್‌ಗಳನ್ನು ಅಳೆದು ಹೊಂದಿಸಿಕೊಳ್ಳುತ್ತವೆ; ಸುಮಾರು 2,000 ಗಂಟೆಗಳಿಗೊಮ್ಮೆ ಇದೇ ಕೆಲಸ ಇನ್ನೂ ದೀರ್ಘವಾಗಿ, ಸುಮಾರು ಒಂದು ಗಂಟೆ ನಡೆಯುತ್ತದೆ. ಈ ಕೆಲಸ ನಡೆಯಬೇಕಾದರೆ ಗೋಡೆಯ ಸ್ವಿಚ್ಚು ಹಾಕಿರಬೇಕು.

ಇಲ್ಲಿಯೇ ಕರ್ನಾಟಕದ ಮನೆಗಳ ಒಳ್ಳೆಯ ಅಭ್ಯಾಸವೊಂದು ಅಡ್ಡ ಬರುತ್ತದೆ. ರಾತ್ರಿ ಮಲಗುವ ಮುನ್ನ ಟಿವಿಯ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸುವುದು, ಸ್ಟೆಬಿಲೈಸರ್ ಬಂದ್ ಮಾಡುವುದು, ಮಳೆ ಗುಡುಗಿದ್ದರೆ ಪ್ಲಗ್ಗನ್ನೇ ಕೀಳುವುದು ಹಿರಿಯರು ಕಲಿಸಿಕೊಟ್ಟ ಜಾಗರೂಕತೆ. ವಿದ್ಯುತ್ ಉಳಿಸುವ ದೃಷ್ಟಿಯಿಂದ ಅದು ಸರಿಯೇ. ಆದರೆ ಓಎಲ್‌ಇಡಿ ಟಿವಿಯ ಮಟ್ಟಿಗೆ, ರಿಮೋಟ್ ಒತ್ತಿದ ಕೂಡಲೇ ಗೋಡೆಯ ಸ್ವಿಚ್ಚನ್ನೂ ಆರಿಸುವ ಮನೆಯಲ್ಲಿ ಆ ಸರಿಪಡಿಸುವ ಕ್ರಿಯೆ ಒಮ್ಮೆಯೂ ಪೂರ್ಣವಾಗಿ ನಡೆಯದೇ ಹೋಗಬಹುದು. ಕೊರಿಯಾದಲ್ಲಿ ವಿನ್ಯಾಸಗೊಂಡ ಯಂತ್ರಕ್ಕೆ ಈ ಅಭ್ಯಾಸದ ಅರಿವಿಲ್ಲ, ಮನೆಯವರಿಗೆ ಯಂತ್ರದ ಅರಿವಿಲ್ಲ. ಎರಡನ್ನೂ ಬಲ್ಲವನು ಅಂಗಡಿಯವನೊಬ್ಬನೇ. ಟಿವಿ ಜೋಡಿಸಲು ಹೋದ ಹುಡುಗ ಈ ಒಂದು ಮಾತನ್ನು ಹೇಳಿ ಬಂದರೆ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ.

ಇನ್ನು ಖಾತರಿಯ ವಿಷಯ. ಟಿವಿಗಳ ಖಾತರಿ ಪತ್ರಗಳಲ್ಲಿ ಸ್ಥಿರ ಚಿತ್ರದಿಂದಾದ ಅಚ್ಚನ್ನು ಹೊರಗಿಡುವ ವಾಕ್ಯ ಸಾಮಾನ್ಯ. ಅದೇ ಟಿವಿಯ ಜಾಹೀರಾತಿನಲ್ಲಿ ಗೇಮಿಂಗ್‌ಗೆ ಸರ್ವಶ್ರೇಷ್ಠ ಎಂಬ ಘೋಷಣೆಯೂ ಸಾಮಾನ್ಯ. ಗೇಮ್‌ನಲ್ಲಿ ಸ್ಥಿರ ಗುರುತುಗಳಿರುವುದು ತಯಾರಕರಿಗೆ ತಿಳಿಯದ್ದೇನಲ್ಲ. ಒಂದು ಬಳಕೆಗೆಂದು ಮಾರಿ, ಆ ಬಳಕೆಯಿಂದಲೇ ಆದ ಸವೆತವನ್ನು ದುರ್ಬಳಕೆಯ ಸಾಲಿನಲ್ಲಿ ಬರೆಯುವುದು ನ್ಯಾಯವಾದ ವ್ಯಾಪಾರವಲ್ಲ. ಇದನ್ನು ಕಟುವಾಗಿ ಹೇಳಲು ಕಾರಣವಿದೆ. 2017ರಲ್ಲಿ ಗೂಗಲ್ ಕಂಪನಿಯ ಪಿಕ್ಸೆಲ್ 2 ಎಕ್ಸ್‌ಎಲ್ ಫೋನಿನ ಓಎಲ್‌ಇಡಿ ಪರದೆಯಲ್ಲಿ ಕೆಲವೇ ವಾರಗಳಲ್ಲಿ ಅಚ್ಚು ಬಿದ್ದಿದೆಯೆಂಬ ದೂರುಗಳು ಬಂದಾಗ, ಆ ಕಂಪನಿ ಖಾತರಿಯನ್ನು 2 ವರ್ಷಕ್ಕೆ ವಿಸ್ತರಿಸಿತು. 2022ರಲ್ಲಿ ಡೆಲ್ ಕಂಪನಿ ತನ್ನ ಏಲಿಯನ್‌ವೇರ್ ಓಎಲ್‌ಇಡಿ ಗೇಮಿಂಗ್ ಮಾನಿಟರ್‌ಗೆ ಬರ್ನ್-ಇನ್ ಕೂಡ ಒಳಗೊಂಡ 3 ವರ್ಷದ ಖಾತರಿ ಘೋಷಿಸಿತು. 2024ರ ಹೊತ್ತಿಗೆ ಏಸಸ್, ಎಂಎಸ್‌ಐ ಮೊದಲಾದ ಪ್ರತಿಸ್ಪರ್ಧಿಗಳೂ ತಮ್ಮ ಮಾನಿಟರ್‌ಗಳಿಗೆ ಅದೇ 3 ವರ್ಷ ಕೊಡತೊಡಗಿದವು. ಕಂಪ್ಯೂಟರ್ ಮಾನಿಟರ್ ಎಂದರೆ ದಿನವಿಡೀ ಕೆಳಗೊಂದು ಸ್ಥಿರ ಪಟ್ಟಿ, ಪಕ್ಕದಲ್ಲಿ ಸ್ಥಿರ ಚಿಹ್ನೆಗಳು. ಟಿವಿಗಿಂತ ಅಪಾಯ ಹೆಚ್ಚು. ಹೆಚ್ಚು ಅಪಾಯವಿರುವ ಸರಕಿಗೆ ಖಾತರಿ ಕೊಡಲು ಸಾಧ್ಯವಾದಾಗ, ಕಡಿಮೆ ಅಪಾಯದ ಟಿವಿಗೆ ಏಕೆ ಸಾಧ್ಯವಾಗದು? ಖರ್ಚು ಎಷ್ಟೆಂಬುದನ್ನು ಅಂದಾಜು ಮಾಡಿ ಬೆಲೆಯಲ್ಲಿ ಸೇರಿಸಬಹುದು ಎಂಬುದಕ್ಕೆ ಮಾನಿಟರ್ ತಯಾರಕರೇ ಸಾಕ್ಷಿ. ಲೆಕ್ಕಪತ್ರ ಮಾನದಂಡ 29 ಹೇಳುವುದೂ ಅದನ್ನೇ: ಮಾರಿದ ಸರಕಿನ ಮೇಲೆ ಮುಂದೆ ಬರಬಹುದಾದ ಖಾತರಿ ವೆಚ್ಚವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಲು ಸಾಧ್ಯವಿದ್ದರೆ ಅದನ್ನು ಈ ವರ್ಷವೇ ಕಾಯ್ದಿರಿಸಬೇಕು.

ಕಾನೂನಿನ ಕಡೆ ನೋಡಿದರೆ ವರ್ತಕನ ಸ್ಥಿತಿ ಅವನು ಭಾವಿಸಿದಷ್ಟು ಭದ್ರವಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಗ್ರಾಹಕ ತನ್ನ ನಿರ್ದಿಷ್ಟ ಉದ್ದೇಶವನ್ನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡರೆ, ಆ ಸರಕು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಯೋಗ್ಯವಾಗಿರಬೇಕೆಂಬ ಷರತ್ತು ತಾನಾಗಿಯೇ ಸೇರಿಕೊಳ್ಳುತ್ತದೆ. ಗಿರಾಕಿ ಇಂಥ ಕಂಪನಿಯ ಇಂಥ ಮಾದರಿಯೇ ಬೇಕೆಂದು ಹೆಸರು ಹೇಳಿ ಕೊಂಡರೆ ಈ ಷರತ್ತು ಹುಟ್ಟುವುದಿಲ್ಲ. ಗೇಮ್ ಆಡಲು ಯಾವುದು ಒಳ್ಳೆಯದೆಂದು ಕೇಳಿ, ಅಂಗಡಿಯವನು ಬೆರಳು ತೋರಿಸಿದ್ದನ್ನು ಕೊಂಡರೆ ಹುಟ್ಟುತ್ತದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅದರ ವ್ಯಾಖ್ಯೆಯಂತೆ ವರ್ತಕ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದಲ್ಲಿ ಕೊರತೆ ಕಂಡರೂ ಅದು ದೋಷವೇ. 'ಏನೂ ಆಗಲ್ಲ ಸಾರ್, ಆರಾಮಾಗಿ ತೊಗೊಂಡ್ಹೋಗಿ' ಎಂಬ ಮಾರಾಟದ ಹುಡುಗನ ಮಾತು ಯಾವುದೇ ರೀತಿಯಲ್ಲಿ ಎಂಬುದರೊಳಗೆ ಬರುತ್ತದೆ.

ಇದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವನ್ನು ಕಂಡು ಗಾಬರಿಯಾಗುವ ಕಾರಣವಿಲ್ಲ. ಅಲ್ಲಿ ಹಾನಿ ಎಂಬ ಪದದ ವ್ಯಾಖ್ಯೆಯಿಂದ ಆ ಉತ್ಪನ್ನಕ್ಕೇ ಆದ ಹಾನಿಯನ್ನು ಹೊರಗಿಡಲಾಗಿದೆ. ಪರದೆಯ ಅಚ್ಚು ಪರದೆಗೇ ಆದ ಹಾನಿ. ಹೀಗಾಗಿ ಗ್ರಾಹಕನ ದಾರಿ ದೋಷಪೂರಿತ ಸರಕು ಅಥವಾ ಅನುಚಿತ ವ್ಯಾಪಾರ ಪದ್ಧತಿ ಎಂಬ ಸಾಮಾನ್ಯ ದೂರಿನದು. ಅದಕ್ಕೆ ಅವನಿಗೆ 2 ವರ್ಷಗಳ ಕಾಲಮಿತಿಯಿದೆ, ಮತ್ತು ದೂರಿನಲ್ಲಿ ತಯಾರಕರ ಜೊತೆಗೆ ಅಂಗಡಿಯ ಹೆಸರನ್ನೂ ಸೇರಿಸಲು ಅಡ್ಡಿಯಿಲ್ಲ. ತಯಾರಕರ ಪರ ವಕೀಲರು ಬರುತ್ತಾರೆ. ಅಂಗಡಿಯ ಪರ ಅಂಗಡಿಯವನೇ ಶಟರ್ ಎಳೆದು ಹೋಗಬೇಕು.

ಗೇಮಿಂಗ್ ಪಾರ್ಲರ್ ನಡೆಸುವವರ ಪ್ರಶ್ನೆ ಬೇರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಈ ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡಿದ್ದರೆ ಮಾತ್ರ ವಿನಾಯಿತಿ. ಒಬ್ಬನೇ ಕುಳಿತು ಎರಡು ಯಂತ್ರ ನಡೆಸುವ ನಿರುದ್ಯೋಗಿ ಪದವೀಧರನಿಗೆ ಈ ರಕ್ಷಣೆ ಸಿಗಬಹುದು, ನೌಕರರನ್ನಿಟ್ಟು ಮೂರು ಶಾಖೆ ತೆರೆದವನಿಗೆ ಸಿಗುವುದು ಕಷ್ಟ. ಮೇಲಾಗಿ ಮನೆಬಳಕೆಯ ಟಿವಿಗಳ ಖಾತರಿ ಪತ್ರಗಳು ವಾಣಿಜ್ಯ ಬಳಕೆಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಹೋಟೆಲಿನ ತಿಂಡಿಪಟ್ಟಿಗೆ, ಕಾರ್ಖಾನೆಯ ಉತ್ಪಾದನಾ ಅಂಕಿಅಂಶಗಳಿಗೆ ಟಿವಿ ತೂಗುಹಾಕುವ ಸಣ್ಣ ಉದ್ಯಮಿಗಳಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಓಎಲ್‌ಇಡಿ ಹಾಕುವುದೇ ಅವಿವೇಕ. ಸಾಧಾರಣ ಎಲ್‌ಸಿಡಿ ಸಾಕು.

ಪಾರ್ಲರಿನ ಲೆಕ್ಕವನ್ನು ಒಂದು ಊಹೆಯ ಉದಾಹರಣೆಯಿಂದ ನೋಡಬಹುದು. 1,20,000 ರೂಪಾಯಿಯ ಒಂದು ಓಎಲ್‌ಇಡಿ ಟಿವಿ ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 360 ದಿನ ಓಡಿದರೆ 3,600 ಗಂಟೆ. ಬಹುತೇಕ ಹುಡುಗರು ಬಯಸುವುದು ಒಂದೇ ಫುಟ್‌ಬಾಲ್ ಆಟ. 9,000 ಗಂಟೆಗೆ ಅಂಕಪಟ್ಟಿಯ ಗುರುತು ಗಿರಾಕಿಗಳ ಕಣ್ಣಿಗೆ ಬೀಳುವಷ್ಟಾಯಿತು ಎಂದು ಹಿಡಿದರೂ ಎರಡೂವರೆ ವರ್ಷಕ್ಕೆ ಅದರ ಆಯುಸ್ಸು ಮುಗಿಯಿತು. ಗಂಟೆಗೆ 13 ರೂಪಾಯಿ 33 ಪೈಸೆ ಪರದೆಯೊಂದರ ಖರ್ಚು. ಆದರೆ ಪುಸ್ತಕದಲ್ಲಿ? ಯಂತ್ರೋಪಕರಣಗಳಿಗೆ ರೂಢಿಯಲ್ಲಿರುವ ಶೇಕಡಾ 15ರ ದರದಲ್ಲಿ ಇಳಿಕೆ ಮೌಲ್ಯ ಪದ್ಧತಿಯಂತೆ ಸವಕಳಿ ಕಳೆದರೆ ಮೊದಲ ವರ್ಷದ ಕೊನೆಗೆ 1,02,000, ಎರಡನೆಯ ವರ್ಷದ ಕೊನೆಗೆ 86,700, ಮೂರನೆಯ ವರ್ಷದ ಕೊನೆಗೆ 73,695 ರೂಪಾಯಿ. ಯಾರೂ ಕೊಳ್ಳದ ಪರದೆ ಅಢಾವೆ ಪತ್ರಿಕೆಯಲ್ಲಿ ಮುಕ್ಕಾಲು ಲಕ್ಷದ ಆಸ್ತಿಯಾಗಿ ಕುಳಿತಿರುತ್ತದೆ. ಅದರ ಆಧಾರದ ಮೇಲೆ ಬ್ಯಾಂಕು ಸಾಲ ನವೀಕರಿಸುತ್ತದೆ, ಪಾಲುದಾರರು ಲಾಭ ಹಂಚಿಕೊಳ್ಳುತ್ತಾರೆ. ತೆರಿಗೆಯ ಲೆಕ್ಕಕ್ಕೆ ನಿಗದಿತ ದರ ಬಿಟ್ಟು ಬೇರೆ ದಾರಿಯಿಲ್ಲ. ಆದರೆ ಸ್ವಂತ ಲಾಭ-ನಷ್ಟ ತಿಳಿಯಲು, ಆಟಕ್ಕೆ ಗಂಟೆಯ ದರ ನಿಗದಿ ಮಾಡಲು, ಬಳಕೆಯ ಗಂಟೆಗಳ ಮೇಲೆ ಸವಕಳಿ ಹಾಕುವ ಪದ್ಧತಿಯನ್ನು ಲೆಕ್ಕಪತ್ರ ಮಾನದಂಡ 10 ಒಪ್ಪುತ್ತದೆ. ಲಾರಿ ಮಾಲೀಕರು ಟೈರಿನ ಖರ್ಚನ್ನು ಕಿಲೋಮೀಟರ್ ಲೆಕ್ಕದಲ್ಲಿ ಇಡುತ್ತಾರೆ. ಪರದೆಯೂ ಟೈರಿನ ಜಾತಿಗೆ ಸೇರಿದ ವಸ್ತು.

ಇದೆಲ್ಲ ಗಿರಾಕಿಯ ಮನೆಯ, ಪಾರ್ಲರಿನ ಮಾತಾಯಿತು. ಅಂಗಡಿಯ ಒಳಗೇ ಇರುವ ಸವೆತದ ಬಗ್ಗೆ ಹೆಚ್ಚಿನವರು ಮಾತನಾಡುವುದಿಲ್ಲ. ಪ್ರದರ್ಶನಕ್ಕಿಟ್ಟ ಟಿವಿ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಗರಿಷ್ಠ ಪ್ರಕಾಶದಲ್ಲಿ, ಒಂದೇ ಜಾಹೀರಾತು ಚಿತ್ರವನ್ನು, ಮೂಲೆಯಲ್ಲಿ ಕಂಪನಿಯ ಲಾಂಛನದೊಡನೆ ತೋರಿಸುತ್ತಿರುತ್ತದೆ. ಅಚ್ಚು ಬೀಳಲು ಇದಕ್ಕಿಂತ ಪ್ರಶಸ್ತ ವಾತಾವರಣ ಬೇರಿಲ್ಲ. ವರ್ಷದ ಕೊನೆಗೆ ಅದು ರಿಯಾಯಿತಿಯಲ್ಲಿ ಯಾರದೋ ಮನೆ ಸೇರುತ್ತದೆ. ಪ್ರದರ್ಶನದ ಸರಕೆಂದು ಬಿಲ್ಲಿನಲ್ಲಿ ಬರೆದು, ಓಡಿದ ಗಂಟೆಗಳನ್ನು ನಮೂದಿಸಿ ಮಾರಿದರೆ ತಪ್ಪಿಲ್ಲ; ಕೆಲವು ಮಾದರಿಗಳಲ್ಲಿ ಒಟ್ಟು ಉರಿದ ಗಂಟೆಗಳನ್ನು ಟಿವಿಯೇ ತೋರಿಸುತ್ತದೆ. ಹಳೆಯದನ್ನು ಹೊಸದೆಂದು ಬಿಂಬಿಸಿ ಮಾರುವುದನ್ನು ಕಾಯ್ದೆ ಸ್ಪಷ್ಟ ಮಾತುಗಳಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎಂದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಹಳೆಯ ಸರಕು ಕೊಳ್ಳುವವನೂ ಈಗ ಬೂದು ಬಣ್ಣದ ಪರದೆ ಹಾಕಿ ತೋರಿಸಿ ಎಂದು ಕೇಳುವಷ್ಟು ತಿಳಿದವನೇ.

ದಾಸ್ತಾನು ಮೌಲ್ಯಮಾಪನದಲ್ಲೂ ಇದನ್ನು ಮರೆಯಬಾರದು. ಪ್ರದರ್ಶನದ ಟಿವಿಯನ್ನು ಮಾರ್ಚ್ 31ರಂದು ಖರೀದಿ ಬೆಲೆಗೆ ಬರೆಯುವ ಪರಿಪಾಠ ಬಹಳ ಅಂಗಡಿಗಳಲ್ಲಿದೆ. ಖರೀದಿ ಬೆಲೆ ಮತ್ತು ನಿವ್ವಳವಾಗಿ ಕೈಗೆ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಬರೆಯಬೇಕೆಂಬುದು ಎಲ್ಲರಿಗೂ ತಿಳಿದ ನಿಯಮ. ಅಚ್ಚು ಬಿದ್ದ ಟಿವಿಯನ್ನು ಕಡಿಮೆ ಬೆಲೆಗೆ ಮಾರಿದರೆ ಜಿಎಸ್‌ಟಿಯಲ್ಲಿ ಪಡೆದ ಹೂಡುವಳಿ ತೆರಿಗೆ ಜಮೆ ಉಳಿಯುತ್ತದೆ. ಪುಸ್ತಕದಿಂದಲೇ ತೆಗೆದುಹಾಕಿದರೆ 17(5)ನೇ ಕಲಮಿನಂತೆ ಆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿವಿಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಾಗ ಹಳೆಯ ಪ್ರದರ್ಶನ ಸರಕಿನ ಬೆಲೆ ಇನ್ನೂ ಕುಸಿದದ್ದನ್ನು ಅನುಭವಿಸಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಖಾತರಿಯಡಿ ತಯಾರಕರು ಉಚಿತವಾಗಿ ಬಿಡಿಭಾಗ ಬದಲಿಸಿಕೊಟ್ಟರೆ ಅದರ ಮೇಲೆ ಮತ್ತೆ ತೆರಿಗೆ ಇಲ್ಲವೆಂದು 2023ರ ಜುಲೈನ ಸುತ್ತೋಲೆ 195 ತಿಳಿಸಿತ್ತು. ಇಡೀ ಸರಕನ್ನೇ ಬದಲಿಸಿದಾಗಲೂ ಹಾಗೆಯೇ ಎಂದು 2024ರ ಜೂನ್‌ನ ಸುತ್ತೋಲೆ 216 ಸ್ಪಷ್ಟಪಡಿಸಿದೆ. ತೆರಿಗೆಯ ನೆಪ ಹೇಳಿ ಬದಲಿ ಕೊಡಲಾಗದೆನ್ನುವ ಕಂಪನಿ ಪ್ರತಿನಿಧಿಗಳಿಗೆ ಈ ಎರಡು ಸುತ್ತೋಲೆಗಳನ್ನು ತೋರಿಸಬಹುದು.

ಓಎಲ್‌ಇಡಿಯ ಚಿತ್ರ ಸುಂದರ, ಕಪ್ಪು ನಿಜವಾಗಿ ಕಪ್ಪು, ಆಟಕ್ಕೆ ಬೇಕಾದ ಚುರುಕು ಅದರಲ್ಲಿದೆ. ಅದನ್ನು ಮಾರಬೇಕು, ಬೆಲೆಗೆ ತಕ್ಕ ಲಾಭವನ್ನೂ ಪಡೆಯಬೇಕು. ಬಿಲ್ಲಿನ ಜೊತೆಗೆ ಕನ್ನಡದಲ್ಲಿ ಅಚ್ಚಾದ ಅರ್ಧ ಪುಟದ ಸೂಚನೆಯೊಂದನ್ನು ಲಗತ್ತಿಸಿ ಗ್ರಾಹಕನ ಸಹಿ ಪಡೆಯುವುದಕ್ಕೆ ತಗಲುವ ಖರ್ಚು ಒಂದು ರೂಪಾಯಿಯೂ ಇಲ್ಲ: ಒಂದೇ ಆಟವನ್ನು ದಿನವೂ ದೀರ್ಘಕಾಲ ಆಡಿದರೆ ಗುರುತು ಉಳಿಯಬಹುದು, ಆಟದ ಒಳಗೆ ಅಂಕಪಟ್ಟಿಯ ಪ್ರಕಾಶ ತಗ್ಗಿಸುವ ಸೌಲಭ್ಯವಿದ್ದರೆ ಬಳಸಿರಿ, ರಿಮೋಟಿನಿಂದ ಆರಿಸಿದ ಕೂಡಲೇ ಗೋಡೆಯ ಸ್ವಿಚ್ಚು ಆರಿಸಬೇಡಿರಿ, ಈ ಬಗೆಯ ಗುರುತಿಗೆ ತಯಾರಕರ ಖಾತರಿ ಇದೆ ಅಥವಾ ಇಲ್ಲ. ಈ ಕೊನೆಯ ಸಾಲನ್ನು ತುಂಬಲು ತಯಾರಕರಿಂದ ಲಿಖಿತ ಉತ್ತರ ಬೇಕು, ಮತ್ತು ಅದನ್ನು ಒಬ್ಬೊಬ್ಬ ವರ್ತಕನೂ ಬೇರೆ ಬೇರೆಯಾಗಿ ಕೇಳಿದರೆ ಸಿಗುವುದಿಲ್ಲ. ಡೀಲರ್ ಒಪ್ಪಂದಗಳ ನವೀಕರಣದ ವೇಳೆ, ಬರ್ನ್-ಇನ್ ದೂರುಗಳನ್ನು ಪರಿಶೀಲಿಸುವ ಮತ್ತು ಗ್ರಾಹಕ ಆಯೋಗದಲ್ಲಿ ಉತ್ತರಿಸುವ ವೆಚ್ಚ ತಯಾರಕರದೇ ಎಂಬ ಕಲಮನ್ನು ಸದಸ್ಯ ವರ್ತಕರು ಸಂಘಟಿತರಾಗಿ ಸೇರಿಸಿಕೊಳ್ಳಬೇಕು. ದಸರಾ-ದೀಪಾವಳಿಯ ದಾಸ್ತಾನಿಗೆ ಬೇಡಿಕೆ ಪತ್ರ ಕಳಿಸುವ ಮುನ್ನ ಕಂಪನಿಗಳ ಪ್ರತಿನಿಧಿಗಳು ಅಂಗಡಿ ಅಂಗಡಿಗೆ ತಾವಾಗಿಯೇ ಬರುತ್ತಾರೆ. ಕೇಳಲು ಅದೇ ಸಮಯ.